ದೇವರ ಸಾಮ್ರಾಜ್ಯದ ಶಾಂತಿ: ಮಕ್ಕಳಿಗೆ ಕಲಿಸುವ ಮೊದಲು ನಾವು ತಿಳಿಯಬೇಕಾದದ್ದು

ಪ್ರತಿ ಭಾನುವಾರದ ಬಲಿಪೂಜೆಯಲ್ಲಿ, ಪ್ರಭು ಕಲಿಸಿದ ಪ್ರಾರ್ಥನೆಯ ನಂತರ ಹಾಗೂ ಪರಮಪ್ರಸಾದ ಸ್ವೀಕಾರಕ್ಕೆ ಮೊದಲು, ಶಾಂತಿಯನ್ನು ಹಂಚಿಕೊಳ್ಳುವಂತೆ ಗುರುಗಳು ನಮ್ಮನ್ನು ಕರೆಯುತ್ತಾರೆ. ನಾವು ಎಡಕ್ಕೆ, ಬಲಕ್ಕೆ, ಹಿಂದಕ್ಕೆ ತಿರುಗಿ ಕೈಜೋಡಿಸಿ ತಲೆಬಾಗುತ್ತೇವೆ. ಅರ್ಧ ನಿಮಿಷದಲ್ಲಿ ಮುಗಿದುಹೋಗುವ ಈ ವಿಧಿಯ ಬಗ್ಗೆ ಆರನೆಯ ತರಗತಿಯ ಹುಡುಗನೊಬ್ಬ ಧರ್ಮೋಪದೇಶದ ತರಗತಿಯಲ್ಲಿ ಒಮ್ಮೆ ಎದ್ದುನಿಂತು ನಮ್ಮನ್ನು ಕೇಳಿದ: “ನಮ್ಮ ಅಪ್ಪನಿಗೂ ದೊಡ್ಡಪ್ಪನಿಗೂ ಮಾತಿಲ್ಲ. ಇಗರ್ಜಿಯಲ್ಲಿ ಶಾಂತಿ ಕೊಡುವಾಗ ಅಪ್ಪ ಆ ಕಡೆ ತಿರುಗುವುದೇ ಇಲ್ಲ. ಹಾಗಾದರೆ ಅದು ಲೆಕ್ಕಕ್ಕೆ ಬರುತ್ತದಾ?”

ನಮ್ಮ ಬಳಿ ಆ ದಿನ ಉತ್ತರವಿರಲಿಲ್ಲ. “ಮುಂದಿನ ವಾರ ಹೇಳುತ್ತೇವೆ” ಎಂದು ಪಾಠ ಮುಂದುವರಿಸಿದೆವು. ಆದರೆ ಆ ಪ್ರಶ್ನೆ ನಮ್ಮನ್ನು ಬಿಡಲಿಲ್ಲ. ದೇವರ ಸಾಮ್ರಾಜ್ಯದ ಶಾಂತಿಯ ಬಗ್ಗೆ ಕಥೋಲಿಕ ವಿದ್ಯಾರ್ಥಿಗಳಿಗೆ ಏನನ್ನು, ಹೇಗೆ ಕಲಿಸಬೇಕು ಎಂಬುದನ್ನು ಧರ್ಮೋಪದೇಶ ಶಿಕ್ಷಕರಿಗೂ ಪೋಷಕರಿಗೂ ಉಪಯೋಗವಾಗುವಂತೆ ಒಂದೆಡೆ ಸಂಗ್ರಹಿಸುವ ಪ್ರಯತ್ನವೇ ಈ ಲೇಖನ.

1. ಮಕ್ಕಳ ಮನಸ್ಸಿನಲ್ಲಿರುವ ಶಾಂತಿ

‘ಶಾಂತಿ ಎಂದರೇನು?’ ಎಂದು ಮಕ್ಕಳನ್ನು ಕೇಳಿ ನೋಡಿ. ‘ಗಲಾಟೆ ಮಾಡದೆ ಸುಮ್ಮನಿರುವುದು’ ಎಂಬ ಉತ್ತರ ಮೊದಲು ಬರುತ್ತದೆ. ಇದರಲ್ಲಿ ಮಕ್ಕಳ ತಪ್ಪೇನೂ ಇಲ್ಲ. ತರಗತಿಯಲ್ಲಿ ಶಿಕ್ಷಕರು ಮೇಜು ಬಡಿದು ಹೇಳಿಕೊಡುವುದು ಇದನ್ನೇ. ಮನೆಯಲ್ಲಿ ಅಣ್ಣತಮ್ಮಂದಿರು ಜಗಳವಾಡಿದರೆ ಇಬ್ಬರಿಗೂ ಒಂದೊಂದು ಏಟು ಕೊಟ್ಟು ಬಾಯಿ ಮುಚ್ಚಿಸುತ್ತೇವೆ. ಸದ್ದು ಅಡಗಿದ ಮೇಲೆ ಶಾಂತಿ ನೆಲೆಸಿತು ಎಂದುಕೊಳ್ಳುತ್ತೇವೆ. ಯಾರ ಪೆನ್ಸಿಲ್ ಕಳೆದುಹೋಗಿತ್ತು, ಯಾರಿಗೆ ಅನ್ಯಾಯವಾಗಿತ್ತು ಎಂದು ಕೇಳುವ ವ್ಯವಧಾನ ನಮಗಿರುವುದಿಲ್ಲ.

ಪವಿತ್ರ ಬೈಬಲ್ಲಿನ ಶಾಂತಿ ಹೀಗೆ ಬಾಯಿ ಮುಚ್ಚಿಸಿ ತರುವ ಶಾಂತಿಯಲ್ಲ. ಹೀಬ್ರೂ ಭಾಷೆಯ ‘ಶಾಲೋಮ್’ ಎಂಬ ಪದಕ್ಕೆ ಸಂಪೂರ್ಣತೆ, ಕ್ಷೇಮ, ಕೊರತೆಯಿಲ್ಲದ ಸ್ಥಿತಿ ಎಂಬ ಅರ್ಥಗಳಿವೆ. ಒಬ್ಬ ವ್ಯಕ್ತಿ ದೇವರೊಡನೆ, ನೆರೆಯವರೊಡನೆ, ತನ್ನೊಡನೆ ಮತ್ತು ಸೃಷ್ಟಿಯೊಡನೆ ಸರಿಯಾದ ಸಂಬಂಧದಲ್ಲಿರುವುದೇ ಶಾಲೋಮ್. ಪ್ರವಾದಿ ಯೆಶಾಯನು ಶಾಂತಿಯನ್ನು ನ್ಯಾಯನೀತಿಯ ಫಲವೆಂದು ಕರೆಯುತ್ತಾನೆ (ಯೆಶಾಯ 32:17). ಮರವಿಲ್ಲದೆ ಹಣ್ಣಿಲ್ಲ. ನ್ಯಾಯವಿಲ್ಲದ ಕಡೆ ಕಾಣುವ ಶಾಂತಿ ಬೇರಿಲ್ಲದ್ದು. ಜನರ ಗಾಯವನ್ನು ಮೇಲಿಂದ ಮೇಲೆ ಒರೆಸಿ ಎಲ್ಲವೂ ಸರಿಯಿದೆ ಎನ್ನುವವರನ್ನು ಪ್ರವಾದಿ ಯೆರೆಮೀಯನು ಕಟುವಾಗಿ ಖಂಡಿಸಿದ್ದಾನೆ (ಯೆರೆಮೀಯ 6:14).

2. ದೇವರ ಸಾಮ್ರಾಜ್ಯ ಎಂದರೇನು?

ಯೇಸುಸ್ವಾಮಿಯ ಬೋಧನೆಯ ಕೇಂದ್ರ ದೇವರ ಸಾಮ್ರಾಜ್ಯ. ಅದು ಸಮೀಪಿಸಿದೆ, ಮನಪರಿವರ್ತನೆ ಹೊಂದಿ ಶುಭಸಂದೇಶವನ್ನು ವಿಶ್ವಾಸಿಸಿರಿ ಎಂಬುದೇ ಅವರ ಮೊದಲ ಸಾರೋಣ (ಮಾರ್ಕ 1:15). ‘ಸಾಮ್ರಾಜ್ಯ’ ಎಂದೊಡನೆ ಮಕ್ಕಳಿಗೆ ಕೋಟೆ, ಸೈನ್ಯ, ಕಿರೀಟ ನೆನಪಾಗುತ್ತವೆ. ಸತ್ತ ಮೇಲೆ ಹೋಗುವ ಸ್ವರ್ಗ ಎಂದಷ್ಟೇ ತಿಳಿದವರೂ ಇದ್ದಾರೆ. ಹಾಗಾಗಿ ಸರಳವಾಗಿ ಹೀಗೆ ಹೇಳಬಹುದು: ಎಲ್ಲಿ ದೇವರ ಚಿತ್ತ ನೆರವೇರುತ್ತದೋ ಅಲ್ಲಿ ದೇವರು ಆಳುತ್ತಾರೆ. ಪ್ರಭು ಕಲಿಸಿದ ಪ್ರಾರ್ಥನೆಯಲ್ಲಿ ದೇವರ ರಾಜ್ಯ ಬರಲಿ ಎಂಬ ಬೇಡಿಕೆಯ ಬೆನ್ನಿಗೇ ಅವರ ಚಿತ್ತ ನೆರವೇರಲಿ ಎಂಬ ಬೇಡಿಕೆ ಬರುವುದು ಇದೇ ಕಾರಣಕ್ಕೆ.

ಈ ಸಾಮ್ರಾಜ್ಯ ಯೇಸುಸ್ವಾಮಿಯಲ್ಲಿ ಈಗಾಗಲೇ ಆರಂಭವಾಗಿದೆ. ಆದರೆ ಇನ್ನೂ ಪೂರ್ಣವಾಗಿಲ್ಲ. ಸಾಸಿವೆ ಕಾಳಿನಂತೆ ಬೆಳೆಯುತ್ತಿದೆ, ಹುಳಿಹಿಟ್ಟಿನಂತೆ ಒಳಗಿನಿಂದ ಕೆಲಸ ಮಾಡುತ್ತಿದೆ (ಮತ್ತಾಯ 13:31-33). ಅದರ ಗುರುತು ಯಾವುದು? ದೇವರ ಸಾಮ್ರಾಜ್ಯ ತಿನ್ನುವ ಕುಡಿಯುವ ವಿಷಯವಲ್ಲ, ಪವಿತ್ರಾತ್ಮರು ನೀಡುವ ನೀತಿ, ಶಾಂತಿ ಮತ್ತು ಸಂತೋಷ ಎಂದು ಸಂತ ಪೌಲರು ರೋಮಿನ ಕ್ರೈಸ್ತರಿಗೆ ತಿಳಿಸಿದರು (ರೋಮನರಿಗೆ 14:17). ಆಹಾರದ ವಿಷಯಕ್ಕೆ ಒಂದೇ ಸಭೆಯ ವಿಶ್ವಾಸಿಗಳು ಪರಸ್ಪರ ತೀರ್ಪು ಮಾಡುತ್ತಿದ್ದ ಸಂದರ್ಭದಲ್ಲಿ ಬರೆದ ಮಾತಿದು. ಅಂದರೆ ಶಾಂತಿಯ ಪಾಠ ಮೊದಲು ಬೇಕಾದದ್ದು ಚರ್ಚಿನ ಒಳಗಿರುವ ನಮಗೇ.

1925ರ ಡಿಸೆಂಬರ್ 11ರಂದು ಜಗದ್ಗುರು 11ನೆಯ ಪಿಯುಸ್ ಅವರು ಕ್ರಿಸ್ತರಾಜರ ಹಬ್ಬವನ್ನು ಸ್ಥಾಪಿಸಿದಾಗ ಮೊದಲನೆಯ ಮಹಾಯುದ್ಧ ಮುಗಿದು ಏಳು ವರ್ಷಗಳಾಗಿದ್ದವು. ಆಯುಧಗಳು ಕೆಳಗಿಳಿದಿದ್ದರೂ ದ್ವೇಷ ಇಳಿದಿರಲಿಲ್ಲ. ಹಬ್ಬದ ದಿನದ ಬಲಿಪೂಜೆಯ ಪ್ರಸ್ತಾವನೆಯಲ್ಲಿ ಕ್ರಿಸ್ತರ ರಾಜ್ಯದ ಲಕ್ಷಣಗಳ ಸಾಲಿನಲ್ಲಿ ನ್ಯಾಯ, ಪ್ರೀತಿ ಮತ್ತು ಶಾಂತಿಯ ಹೆಸರುಗಳು ಒಟ್ಟಿಗೇ ಬರುತ್ತವೆ. ಮಕ್ಕಳಿಗೆ ಇದನ್ನು ತೋರಿಸಿಕೊಡಿ.

3. ಯೇಸುಸ್ವಾಮಿ ಶಾಂತಿಯನ್ನು ಕಲಿಸಿದ ಬಗೆ

ಯೇಸುಸ್ವಾಮಿಯ ಕಾಲದಲ್ಲಿಯೂ ‘ಶಾಂತಿ’ಯ ಪ್ರಚಾರ ಜೋರಾಗಿತ್ತು. ರೋಮ್ ಚಕ್ರಾಧಿಪತ್ಯ ತನ್ನ ಆಳ್ವಿಕೆಯನ್ನೇ ಶಾಂತಿಯೆಂದು ಸಾರುತ್ತಿತ್ತು. ಸೈನ್ಯ, ಸುಂಕ ಮತ್ತು ಶಿಲುಬೆಯ ಭಯದಿಂದ ಜನರು ಸುಮ್ಮನಿದ್ದರು. ತಾವು ನೀಡುವ ಶಾಂತಿ ಲೋಕ ಕೊಡುವಂಥದ್ದಲ್ಲ ಎಂದು ಕಡೇ ಭೋಜನದ ರಾತ್ರಿ ಯೇಸುಸ್ವಾಮಿ ಶಿಷ್ಯರಿಗೆ ಹೇಳಿದ್ದನ್ನು (ಯೊವಾನ್ನ 14:27) ಈ ಹಿನ್ನೆಲೆಯಲ್ಲಿ ಓದಬೇಕು.

ಹನ್ನೆರಡು ಮಂದಿ ಪ್ರೇಷಿತರ ಪಟ್ಟಿಯನ್ನು ಮಕ್ಕಳಿಂದ ಓದಿಸಿ. ಅದರಲ್ಲಿ ಸುಂಕದವನಾಗಿದ್ದ ಮತ್ತಾಯನಿದ್ದಾನೆ. ಸುಂಕದವರೆಂದರೆ ಪರಕೀಯ ಆಡಳಿತದ ಕೆಲಸಗಾರರೆಂದು ಜನ ದ್ವೇಷಿಸುತ್ತಿದ್ದರು. ಅದೇ ಪಟ್ಟಿಯಲ್ಲಿ ಸ್ವದೇಶಾಭಿಮಾನಿ ಎಂಬ ಅಡ್ಡಹೆಸರಿನ ಸಿಮೋನನೂ ಇದ್ದಾನೆ (ಲೂಕ 6:15). ಇಂಥ ಇಬ್ಬರನ್ನು ಯೇಸುಸ್ವಾಮಿ ಒಂದೇ ಪಂಕ್ತಿಯಲ್ಲಿ ಕೂರಿಸಿದರು. ದೇವರ ಸಾಮ್ರಾಜ್ಯದ ಶಾಂತಿ ಹೇಗಿರುತ್ತದೆ ಎಂಬುದಕ್ಕೆ ಇದಕ್ಕಿಂತ ಸರಳ ಚಿತ್ರ ಬೇಕಿಲ್ಲ.

ಜಕ್ಕಾಯನ ಕತೆಯಲ್ಲಿ (ಲೂಕ 19:1-10) ಯೇಸುಸ್ವಾಮಿ ಅವನ ಮನೆಗೆ ತಾವಾಗಿಯೇ ಹೋದರು. ಪ್ರೀತಿ ಮೊದಲು ಬಂತು. ಆದರೆ ಕತೆ ಅಲ್ಲಿಗೆ ಮುಗಿಯಲಿಲ್ಲ. ಆಸ್ತಿಯ ಅರ್ಧಭಾಗವನ್ನು ಬಡವರಿಗೆ ಕೊಡುವುದಾಗಿಯೂ, ಮೋಸ ಮಾಡಿ ಪಡೆದದ್ದನ್ನು ನಾಲ್ಕರಷ್ಟು ಹಿಂದಿರುಗಿಸುವುದಾಗಿಯೂ ಜಕ್ಕಾಯ ಮಾತುಕೊಟ್ಟ. ಕ್ಷಮೆ ಮತ್ತು ನ್ಯಾಯ ಎರಡೂ ಸೇರಿದಾಗಲೇ ಆ ಮನೆಗೆ ರಕ್ಷಣೆ ಬಂತು.

ಪುನರುತ್ಥಾನದ ಸಂಜೆ ಬಾಗಿಲು ಮುಚ್ಚಿಕೊಂಡು ಹೆದರಿ ಕುಳಿತಿದ್ದ ಶಿಷ್ಯರಿಗೆ ಯೇಸುಸ್ವಾಮಿ ಮೊದಲು ನೀಡಿದ್ದು ಶಾಂತಿಯನ್ನು (ಯೊವಾನ್ನ 20:19-20). ಹಾಗೆ ಹೇಳುತ್ತಲೇ ಅವರು ತಮ್ಮ ಕೈಗಳನ್ನೂ ಪಕ್ಕೆಯನ್ನೂ ತೋರಿಸಿದರು. ಗಾಯಗಳು ಮರೆಯಾಗಿರಲಿಲ್ಲ. ಕ್ರಿಸ್ತರ ಶಾಂತಿ ಗಾಯವನ್ನು ಮುಚ್ಚಿಡುವುದಿಲ್ಲ, ಆದರೆ ಗಾಯಕ್ಕೆ ಪ್ರತಿಯಾಗಿ ಗಾಯವನ್ನು ಬೇಡುವುದೂ ಇಲ್ಲ.

ಇಲ್ಲಿ ಒಂದು ಕಷ್ಟದ ವಚನವಿದೆ. ತಾವು ಶಾಂತಿಯನ್ನಲ್ಲ, ಖಡ್ಗವನ್ನು ತರಲು ಬಂದೆ ಎಂದು ಯೇಸುಸ್ವಾಮಿ ಹೇಳಿದ್ದುಂಟು (ಮತ್ತಾಯ 10:34). ಪ್ರೌಢಶಾಲೆಯ ಮಕ್ಕಳು ಇದನ್ನು ಕೇಳಿಯೇ ಕೇಳುತ್ತಾರೆ. ಇದು ಹಿಂಸೆಗೆ ಅನುಮತಿಯಲ್ಲ. ಗೆತ್ಸೆಮನಿ ತೋಪಿನಲ್ಲಿ ಖಡ್ಗವನ್ನು ಒರೆಗೆ ಸೇರಿಸುವಂತೆ ಹೇಳಿದವರು ಅವರೇ (ಮತ್ತಾಯ 26:52). ಸತ್ಯದ ಪಕ್ಷ ವಹಿಸಿದವರಿಗೆ ಸ್ವಂತ ಮನೆಯಲ್ಲಿಯೂ ವಿರೋಧ ಬರಬಹುದು ಎಂಬ ಎಚ್ಚರಿಕೆ ಅದು.

4. ಧರ್ಮಸಭೆಯ ಬೋಧನೆ: ಕೆಲವು ಮೈಲಿಗಲ್ಲುಗಳು

ಶಿಕ್ಷಕರು ತಿಳಿದಿರಬೇಕಾದ ಮುಖ್ಯ ಸಂಗತಿಗಳನ್ನು ಇಲ್ಲಿ ಕ್ರಮವಾಗಿ ಕೊಡುತ್ತೇವೆ.

1962ರ ಅಕ್ಟೋಬರ್‌ನಲ್ಲಿ ಕ್ಯೂಬಾದ ಕ್ಷಿಪಣಿ ಬಿಕ್ಕಟ್ಟಿನಿಂದ ಜಗತ್ತು ಅಣುಯುದ್ಧದ ಅಂಚಿಗೆ ಬಂದಿತ್ತು. ಆರು ತಿಂಗಳ ನಂತರ, 1963ರ ಏಪ್ರಿಲ್ 11ರಂದು, ಜಗದ್ಗುರು ಸಂತ 23ನೆಯ ಜಾನ್ ಅವರು ‘ಪಾಚೆಮ್ ಇನ್ ತೆರಿಸ್’ ಎಂಬ ವಿಶ್ವಪತ್ರವನ್ನು ಪ್ರಕಟಿಸಿದರು. ಕಥೋಲಿಕರಿಗೆ ಮಾತ್ರವಲ್ಲದೆ ಸದ್ಭಾವನೆಯುಳ್ಳ ಎಲ್ಲ ಜನರಿಗೆ ಬರೆದ ಪತ್ರವಿದು. ಸತ್ಯ, ನ್ಯಾಯ, ಪ್ರೀತಿ ಮತ್ತು ಸ್ವಾತಂತ್ರ್ಯ ಎಂಬ ನಾಲ್ಕು ಕಂಬಗಳ ಮೇಲೆ ಶಾಂತಿ ನಿಲ್ಲುತ್ತದೆ ಎಂಬುದು ಇದರ ಸಾರ. ಕಾಯಿಲೆಯಲ್ಲಿದ್ದ ಜಗದ್ಗುರುಗಳು ಅದೇ ವರ್ಷದ ಜೂನ್ 3ರಂದು ನಿಧನರಾದರು.

1965ರ ಡಿಸೆಂಬರ್ 7ರಂದು ದ್ವಿತೀಯ ವ್ಯಾಟಿಕನ್ ಮಹಾಸಭೆ ಪ್ರಕಟಿಸಿದ ‘ಗೌದಿಯುಮ್ ಎತ್ ಸ್ಪೆಸ್’ ಸಂವಿಧಾನವು 78ನೆಯ ಪರಿಚ್ಛೇದದಲ್ಲಿ, ಯುದ್ಧವಿಲ್ಲದಿರುವುದೇ ಶಾಂತಿಯಲ್ಲ, ಅದನ್ನು ಸದಾ ಕಟ್ಟುತ್ತಲೇ ಇರಬೇಕು ಎಂದು ಬೋಧಿಸಿತು. 1967ರಲ್ಲಿ ಸಂತ 6ನೆಯ ಪೌಲ್ ಅವರು ‘ಪೊಪುಲೊರುಮ್ ಪ್ರೊಗ್ರೆಸ್ಸಿಯೊ’ ವಿಶ್ವಪತ್ರದಲ್ಲಿ ಬಡಜನರ ಅಭಿವೃದ್ಧಿಗೂ ಶಾಂತಿಗೂ ಇರುವ ನಂಟನ್ನು ವಿವರಿಸಿದರು. ಅವರ ಕರೆಯಂತೆ 1968ರ ಜನವರಿ 1ರಂದು ಮೊದಲ ವಿಶ್ವ ಶಾಂತಿ ದಿನವನ್ನು ಆಚರಿಸಲಾಯಿತು. ಅಂದಿನಿಂದ ಪ್ರತಿ ಹೊಸವರ್ಷದ ದಿನ, ದೇವಮಾತೆಯ ಮಹೋತ್ಸವದಂದು, ಜಗದ್ಗುರುಗಳ ಶಾಂತಿ ಸಂದೇಶ ಹೊರಬರುತ್ತಿದೆ.

ಈ ಸಂದೇಶಗಳಲ್ಲಿ ಹಲವು ನೇರವಾಗಿ ಶಿಕ್ಷಣಕ್ಕೆ ಸಂಬಂಧಿಸಿದವು. 1979ರಲ್ಲಿಯೂ 2004ರಲ್ಲಿಯೂ ಸಂತ 2ನೆಯ ಜಾನ್ ಪಾಲ್ ಅವರು ಶಾಂತಿಯನ್ನು ಕಲಿಸುವುದನ್ನೇ ವಿಷಯವಾಗಿಸಿಕೊಂಡರು. 2002ರಲ್ಲಿ ಅವರು ನ್ಯಾಯವಿಲ್ಲದೆ ಶಾಂತಿಯಿಲ್ಲ, ಕ್ಷಮೆಯಿಲ್ಲದೆ ನ್ಯಾಯವೂ ಪೂರ್ಣವಾಗದು ಎಂದು ಬೋಧಿಸಿದರು. 2012ರಲ್ಲಿ 16ನೆಯ ಬೆನೆಡಿಕ್ಟ್ ಅವರು ಯುವಜನರಿಗೆ ನ್ಯಾಯ ಮತ್ತು ಶಾಂತಿಯ ಶಿಕ್ಷಣ ನೀಡುವ ಬಗ್ಗೆ ಬರೆದರು. 2017ರಲ್ಲಿ ಜಗದ್ಗುರು ಫ್ರಾನ್ಸಿಸ್ ಅವರು ಅಹಿಂಸೆಯ ಬಗ್ಗೆ ಬರೆದರು. 2025ರ ಮೇ 8ರಂದು ಆಯ್ಕೆಯಾದ ಜಗದ್ಗುರು 14ನೆಯ ಲಿಯೊ ಅವರು ಸಂತ ಪೇತ್ರರ ಮಹಾದೇವಾಲಯದ ಮೊಗಸಾಲೆಯಿಂದ ಆಡಿದ ಮೊದಲ ಮಾತು ಪುನರುತ್ಥಾನಿ ಕ್ರಿಸ್ತರ ಶಾಂತಿಯ ವಂದನೆಯೇ ಆಗಿತ್ತು.

1992ರಲ್ಲಿ ಅಂಗೀಕೃತವಾದ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥದಲ್ಲಿ, ಐದನೆಯ ಕಟ್ಟಳೆಯ ವಿವರಣೆಯಡಿ, 2302ರಿಂದ 2317ರವರೆಗಿನ ಪರಿಚ್ಛೇದಗಳು ಶಾಂತಿಯ ರಕ್ಷಣೆಯ ಕುರಿತಾಗಿವೆ. ಅದು ಆರಂಭವಾಗುವುದು ಕೋಪ ಮತ್ತು ದ್ವೇಷದ ವಿಚಾರದಿಂದ ಎಂಬುದು ಗಮನಾರ್ಹ. ಯುದ್ಧದ ಮಾತು ಆಮೇಲೆ ಬರುತ್ತದೆ.

5. ಹೇಳಬೇಕಾದ ಒಂದು ಜೀವನ

ಮಕ್ಕಳಿಗೆ ಸಿದ್ಧಾಂತಕ್ಕಿಂತ ಜೀವನಗಳು ನೆನಪಿನಲ್ಲಿ ಉಳಿಯುತ್ತವೆ. ನಮ್ಮ ದೇಶದ್ದೇ ಆದ ಒಂದನ್ನು ಇಲ್ಲಿ ಕೊಡುತ್ತೇವೆ.

ಸಿಸ್ಟರ್ ರಾಣಿ ಮರಿಯಾ ಅವರು 1941ರಲ್ಲಿ ಕೇರಳದ ಪುಲ್ಲುವಳಿ ಎಂಬಲ್ಲಿ ಜನಿಸಿದರು. ಫ್ರಾನ್ಸಿಸ್ಕನ್ ಕ್ಲಾರಿಸ್ಟ್ ಸಭೆಯ ಧರ್ಮಭಗಿನಿಯಾಗಿ ಮಧ್ಯಪ್ರದೇಶದ ಉದಯನಗರದ ಸುತ್ತಮುತ್ತ ಬಡ ಕೃಷಿಕರ ನಡುವೆ ಸೇವೆ ಸಲ್ಲಿಸಿದರು. ಸಾಲದ ಸುಳಿಯಲ್ಲಿದ್ದ ಜನರಿಗೆ ಒಗ್ಗಟ್ಟಾಗಿ ಉಳಿತಾಯ ಮಾಡುವುದನ್ನೂ ತಮ್ಮ ಹಕ್ಕುಗಳನ್ನು ಕೇಳಿ ಪಡೆಯುವುದನ್ನೂ ಕಲಿಸಿದರು. ಇದರಿಂದ ನಷ್ಟವಾದವರಿಗೆ ಅವರು ಬೇಡವಾದರು. 1995ರ ಫೆಬ್ರವರಿ 25ರಂದು, ಇಂದೋರ್ ಕಡೆಗೆ ಹೊರಟ ಬಸ್ಸಿನಲ್ಲಿ, ಬಾಡಿಗೆಗೆ ಗೊತ್ತುಪಡಿಸಿದ ಯುವಕನೊಬ್ಬ ಅವರನ್ನು ಇರಿದು ಕೊಂದ. ನ್ಯಾಯಾಲಯ ಅವನಿಗೆ ಜೀವಾವಧಿ ಶಿಕ್ಷೆ ವಿಧಿಸಿತು.

2002ರಲ್ಲಿ ರಾಣಿ ಮರಿಯಾ ಅವರ ತಂಗಿ, ಅದೇ ಸಭೆಯ ಸಿಸ್ಟರ್ ಸೆಲ್ಮಿ ಪೌಲ್, ಸೆರೆಮನೆಗೆ ಹೋಗಿ ಅವನ ಕೈಗೆ ರಾಖಿ ಕಟ್ಟಿ ಅವನನ್ನು ಸಹೋದರನೆಂದು ಸ್ವೀಕರಿಸಿದರು. ಕುಟುಂಬದವರೂ ಧರ್ಮಸಭೆಯವರೂ ಅವನ ಬಿಡುಗಡೆಗಾಗಿ ಮನವಿ ಮಾಡಿದರು. 2006ರಲ್ಲಿ ಬಿಡುಗಡೆಯಾದ ಅವನು ಕೇರಳಕ್ಕೆ ಹೋಗಿ ಆ ತಾಯಿಯ ಮುಂದೆ ಕ್ಷಮೆ ಬೇಡಿದ. 2017ರ ನವೆಂಬರ್ 4ರಂದು ಇಂದೋರಿನಲ್ಲಿ ರಾಣಿ ಮರಿಯಾ ಅವರಿಗೆ ಪುನೀತೆ ಪದವಿ ಘೋಷಣೆಯಾಯಿತು.

ಈ ಕತೆಯನ್ನು ಹೇಳುವಾಗ ಕ್ಷಮೆಯ ಭಾಗವನ್ನು ಮಾತ್ರ ಹೇಳಿ ಮುಗಿಸಬೇಡಿ. ಸಿಸ್ಟರ್ ಯಾಕೆ ಕೊಲೆಯಾದರು ಎಂಬುದನ್ನೂ ಹೇಳಿ. ಅವರು ನ್ಯಾಯಕ್ಕಾಗಿ ಸತ್ತರು, ಕುಟುಂಬದವರು ಕ್ಷಮಿಸಿ ಶಾಂತಿಯನ್ನು ತಂದರು.

ಇನ್ನೊಂದು ಮಾತು. ಶಾಂತಿಯ ಪಾಠಗಳಲ್ಲಿ ಸಂತ ಅಸ್ಸಿಸಿಯ ಫ್ರಾನ್ಸಿಸರದ್ದೆಂದು ಹೇಳುವ ಪ್ರಸಿದ್ಧ ಪ್ರಾರ್ಥನೆಯನ್ನು ಎಲ್ಲೆಡೆ ಬಳಸುತ್ತೇವೆ. ಅದು ಸುಂದರವಾದ ಪ್ರಾರ್ಥನೆ, ಖಂಡಿತ ಕಲಿಸಿ. ಆದರೆ ಅದು 1912ರಲ್ಲಿ ಫ್ರಾನ್ಸಿನ ಒಂದು ಪತ್ರಿಕೆಯಲ್ಲಿ ಬರೆದವರ ಹೆಸರಿಲ್ಲದೆ ಮೊದಲು ಪ್ರಕಟವಾದದ್ದು. ಸಂತರ ಬರಹಗಳಲ್ಲಿ ಅದಿಲ್ಲ. ಸಂತರ ಶಾಂತಿಗೆ ನಿಜವಾದ ಸಾಕ್ಷಿ ಬೇಕಿದ್ದರೆ, 1219ರಲ್ಲಿ ಧರ್ಮಯುದ್ಧದ ನಡುವೆ ಅವರು ಈಜಿಪ್ಟಿನ ದಮಿಯೆತ್ತಾದಲ್ಲಿ ಆಯುಧವಿಲ್ಲದೆ ಸುಲ್ತಾನ ಅಲ್-ಕಾಮಿಲನ ಬಳಿಗೆ ನಡೆದುಹೋದ ಘಟನೆಯನ್ನು ಹೇಳಬಹುದು.

6. ತರಗತಿಗೆ ತಕ್ಕ ಪಾಠ

1ರಿಂದ 4ನೆಯ ತರಗತಿ: ಈ ವಯಸ್ಸಿನಲ್ಲಿ ಶಾಂತಿಯೆಂದರೆ ಜಗಳದ ನಂತರ ಮಾಡಬೇಕಾದ ಕೆಲಸ. ‘ಸಾರಿ’ ಎಂಬ ಒಂದೇ ಪದದ ಬದಲು ಮೂರು ಹೆಜ್ಜೆ ಕಲಿಸಿ: ನಾನು ಮಾಡಿದ್ದೇನು, ಅದಕ್ಕಾಗಿ ಕ್ಷಮೆ ಕೇಳುವುದು, ಸರಿಪಡಿಸಲು ನಾನೇನು ಮಾಡುತ್ತೇನೆ. ನೊಂದ ಮಗುವನ್ನು ಕೂಡಲೇ ಕೈಕುಲುಕುವಂತೆ ಒತ್ತಾಯಿಸಬೇಡಿ. ಅದು ಹೇಳುವುದನ್ನು ಮೊದಲು ಕೇಳಿ. ಕಳೆದುಹೋದ ಕುರಿಯ ಸಾಮತಿ (ಲೂಕ 15:4-7) ಇವರಿಗೆ ಸೂಕ್ತ.

5ರಿಂದ 7ನೆಯ ತರಗತಿ: ಕರುಣೆಯಿಲ್ಲದ ಸೇವಕನ ಸಾಮತಿಯನ್ನು (ಮತ್ತಾಯ 18:21-35) ಲೆಕ್ಕದ ಪಾಠವಾಗಿ ಮಾಡಿ. ಒಂದು ದಿನಾರಿ ಒಂದು ದಿನದ ಕೂಲಿ. ಒಂದು ತಲೆಂತು ಸುಮಾರು 6,000 ದಿನಾರಿ. ಸೇವಕನಿಗೆ ಮನ್ನಾ ಆದ ಸಾಲ 10,000 ತಲೆಂತು, ಅಂದರೆ 6 ಕೋಟಿ ದಿನಗಳ ಕೂಲಿ. ವರ್ಷಕ್ಕೆ 300 ದಿನ ದುಡಿದರೂ ತೀರಿಸಲು 2 ಲಕ್ಷ ವರ್ಷ ಬೇಕು! ಅವನು ಗೆಳೆಯನ ಕುತ್ತಿಗೆ ಹಿಡಿದದ್ದು 100 ದಿನಗಳ ಕೂಲಿಗಾಗಿ. ಮಕ್ಕಳೇ ಲೆಕ್ಕ ಹಾಕಿದಾಗ ದೇವರ ಕ್ಷಮೆಯ ಗಾತ್ರ ಅವರಿಗೆ ಥಟ್ಟನೆ ಅರ್ಥವಾಗುತ್ತದೆ. 100 ದಿನದ ಕೂಲಿ ಸಣ್ಣದಲ್ಲ ಎಂಬುದನ್ನೂ ಹೇಳಿ. ನಮಗಾದ ನೋವು ನಿಜವಾದದ್ದೇ. ಪಾಪನಿವೇದನೆಯ ಸಿದ್ಧತೆಗೆ ಈ ಪಾಠ ಸಹಕಾರಿ.

8ರಿಂದ 10ನೆಯ ತರಗತಿ: ಶಾಲೋಮ್ ಮತ್ತು ರೋಮಿನ ಶಾಂತಿಯ ವ್ಯತ್ಯಾಸವನ್ನು ಇವರು ಗ್ರಹಿಸಬಲ್ಲರು. ಖಡ್ಗಗಳು ನೇಗಿಲ ಗುಳಗಳಾಗುವ ಯೆಶಾಯನ ದರ್ಶನವನ್ನು (ಯೆಶಾಯ 2:4) ಓದಿಸಿ. ಇದೇ ದರ್ಶನದ ವಿಗ್ರಹವನ್ನು ಸೋವಿಯತ್ ಒಕ್ಕೂಟವು 1959ರಲ್ಲಿ ನ್ಯೂಯಾರ್ಕಿನ ವಿಶ್ವಸಂಸ್ಥೆಗೆ ಕಾಣಿಕೆಯಾಗಿ ಕೊಟ್ಟಿತು. ವಿಗ್ರಹ ಈಗಲೂ ಅಲ್ಲಿದೆ, ಕೊಟ್ಟ ದೇಶವಿಲ್ಲ, ಯುದ್ಧಗಳು ನಿಂತಿಲ್ಲ. ಏಕೆ ಎಂದು ಮಕ್ಕಳೇ ಚರ್ಚಿಸಲಿ. ಮೊಬೈಲಿನಲ್ಲಿ ಬರುವ ದ್ವೇಷದ ಸಂದೇಶವನ್ನು ಪರೀಕ್ಷಿಸದೆ ಮುಂದಕ್ಕೆ ಕಳುಹಿಸುವುದು ಸತ್ಯದ ಕಂಬವನ್ನು ಕಡಿದಂತೆ ಎಂಬುದು ಈ ವಯಸ್ಸಿಗೆ ತೀರಾ ಅಗತ್ಯವಾದ ಪಾಠ.

ಪಿಯುಸಿ ಮತ್ತು ಯುವಜನರು: ‘ಪಾಚೆಮ್ ಇನ್ ತೆರಿಸ್’ನ ನಾಲ್ಕು ಕಂಬಗಳನ್ನು ಕೊಟ್ಟು, ಊರಿನ ಒಂದು ಸಮಸ್ಯೆಯನ್ನು ಅವುಗಳ ಮೂಲಕ ನೋಡಲು ಹೇಳಿ. ನೀರಿನ ಜಗಳವಿರಬಹುದು, ಮೀನುಗಾರಿಕೆಯ ದಕ್ಕೆಯ ತಕರಾರಿರಬಹುದು. ಯಾವ ಕಂಬ ಮುರಿದಿದೆ? ಅದನ್ನು ನಿಲ್ಲಿಸುವವರು ಯಾರು? ಜಗದ್ಗುರು ಫ್ರಾನ್ಸಿಸ್ ಅವರು 2020ರ ಅಕ್ಟೋಬರ್ 3ರಂದು ಅಸ್ಸಿಸಿಯಲ್ಲಿ ಸಹಿ ಹಾಕಿದ ‘ಫ್ರಾತೆಲ್ಲಿ ತುತ್ತಿ’ ವಿಶ್ವಪತ್ರವನ್ನು ಓದುವ ಗುಂಪು ಮಾಡಬಹುದು.

ನಮ್ಮ ಶಾಲೆಗಳಲ್ಲಿ ಬೇರೆ ಧರ್ಮಗಳ ಮಕ್ಕಳೂ ದೊಡ್ಡ ಸಂಖ್ಯೆಯಲ್ಲಿದ್ದಾರೆ. ಸರಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಯಲ್ಲಿ ಒಪ್ಪಿಗೆಯಿಲ್ಲದೆ ಯಾರನ್ನೂ ಧಾರ್ಮಿಕ ಬೋಧನೆಗೆ ಕೂರಿಸುವಂತಿಲ್ಲ ಎಂದು ಸಂವಿಧಾನದ 28ನೆಯ ವಿಧಿ ಹೇಳುತ್ತದೆ. ಅದರಂತೆ ಅವರಿಗೆ ಮೌಲ್ಯ ಶಿಕ್ಷಣ, ನಮ್ಮ ಮಕ್ಕಳಿಗೆ ಧರ್ಮೋಪದೇಶ ನಡೆಯುತ್ತದೆ. ಗಂಟೆ ಬಾರಿಸಿದ ಮೇಲೆ ಎಲ್ಲರೂ ಒಂದೇ ಮೈದಾನಕ್ಕೆ ಓಡುತ್ತಾರೆ. ಧರ್ಮೋಪದೇಶದಲ್ಲಿ ಕಲಿತದ್ದಕ್ಕೆ ನಿಜವಾದ ಪರೀಕ್ಷೆ ಆ ಮೈದಾನದಲ್ಲಿ ನಡೆಯುತ್ತದೆ.

7. ನಮ್ಮೂರಿನ ಗಾಯವನ್ನು ಹೇಳುವುದು ಹೇಗೆ?

2008ರ ಸೆಪ್ಟೆಂಬರ್ 14ರ ಭಾನುವಾರ, ಪವಿತ್ರ ಶಿಲುಬೆಯ ಹಬ್ಬದಂದೇ, ಮಂಗಳೂರಿನ ಆರಾಧನಾ ಮಠದ ಮೇಲೆಯೂ ಕರಾವಳಿಯ ಇತರ ಕ್ರೈಸ್ತ ಪ್ರಾರ್ಥನಾ ಮಂದಿರಗಳ ಮೇಲೆಯೂ ದಾಳಿಗಳಾದವು. ಆಗ ಧರ್ಮೋಪದೇಶ ಕಲಿಯುತ್ತಿದ್ದ ಮಕ್ಕಳಲ್ಲಿ ಎಷ್ಟೋ ಮಂದಿ ಇಂದು ಸ್ವತಃ ತಂದೆತಾಯಿಗಳು. ಇಂದಿನ ಮಕ್ಕಳು ಹುಟ್ಟಿದ್ದು ಆಮೇಲೆ. ಅವರು ಕೇಳುತ್ತಾರೆ. ನಾವೇನು ಹೇಳಬೇಕು?

ಏನೂ ಆಗಲಿಲ್ಲ ಎನ್ನುವುದು ಶಾಂತಿಯಲ್ಲ. ಅದು ಯೆರೆಮೀಯನು ಖಂಡಿಸಿದ ಒರೆಸಾಟ. ಒಂದು ಇಡೀ ಸಮುದಾಯದ ಕಡೆ ಬೆರಳು ತೋರಿಸಿ ಮಗುವಿನ ಮನಸ್ಸಿನಲ್ಲಿ ವಿಷ ಬಿತ್ತುವುದೂ ಶಾಂತಿಯಲ್ಲ. ದಾಳಿ ಮಾಡಿದವರು ಯಾರೋ ಕೆಲವರು. ಅಂದು ಸಂಜೆಯೂ ಮರುದಿನವೂ ನಮ್ಮ ಪಕ್ಕದ ಮನೆಗಳಲ್ಲಿ ಇದ್ದವರು ಅದೇ ಹಳೆಯ ನೆರೆಹೊರೆಯವರು. ನಡೆದದ್ದನ್ನು ನಡೆದಂತೆ ಹೇಳುವುದು, ನ್ಯಾಯವನ್ನು ಕಾನೂನಿನ ದಾರಿಯಲ್ಲಿ ಕೇಳುವುದು, ದ್ವೇಷವನ್ನು ನಿರಾಕರಿಸುವುದು: ಈ ಮೂರೂ ಒಟ್ಟಿಗೆ ಸಾಧ್ಯ ಎಂದು ಮಕ್ಕಳಿಗೆ ತೋರಿಸಬೇಕು. ಗಾಯ ತೋರಿಸಿ ಶಾಂತಿ ನೀಡಿದ ಪುನರುತ್ಥಾನಿ ಕ್ರಿಸ್ತರ ಮಾದರಿ ಇದೇ.

8. ಒಂದು 45 ನಿಮಿಷದ ಪಾಠ

ಮೊದಲ 5 ನಿಮಿಷ: ಶಾಂತಿ ಎಂದರೇನೆಂದು ಪ್ರತಿ ಮಗು ಒಂದು ಚೀಟಿಯಲ್ಲಿ ಬರೆಯಲಿ. ಹೆಸರು ಬೇಡ.

10 ನಿಮಿಷ: ಮತ್ತಾಯ 5:23-24ನ್ನು ನಿಧಾನವಾಗಿ ಎರಡು ಬಾರಿ ಓದಿರಿ. ಕಾಣಿಕೆಯನ್ನು ಪೀಠದ ಮುಂದೆ ಬಿಟ್ಟು ಮೊದಲು ಸಹೋದರನೊಡನೆ ರಾಜಿಯಾಗಲು ಹೋಗಬೇಕೆಂದು ಯೇಸುಸ್ವಾಮಿ ಇಲ್ಲಿ ಹೇಳುತ್ತಾರೆ. ಈ ಮಾತನ್ನು ಕೇಳುತ್ತಿದ್ದವರು ಗಲಿಲೇಯದವರು, ಪೀಠವಿದ್ದದ್ದು ಜೆರುಸಲೇಮಿನಲ್ಲಿ. ಹಲವು ದಿನಗಳ ಕಾಲ್ನಡಿಗೆಯ ದಾರಿ ಎಂಬುದನ್ನು ವಿವರಿಸಿ.

15 ನಿಮಿಷ: ಮೂರು ಗುಂಪುಗಳು, ಮೂರು ಸನ್ನಿವೇಶಗಳು. ಆಟದಲ್ಲಿ ಮೋಸ, ಗೆಳತಿಯ ಬಗ್ಗೆ ಸುಳ್ಳು ಸುದ್ದಿ, ತರಗತಿಯಲ್ಲಿ ಒಬ್ಬನನ್ನು ದೂರವಿಡುವುದು. ಸತ್ಯ, ನ್ಯಾಯ, ಕ್ಷಮೆ ಈ ಮೂರರಲ್ಲಿ ಯಾವುದು ಬಿಟ್ಟುಹೋದರೆ ಏನಾಗುತ್ತದೆ ಎಂದು ಚರ್ಚೆ.

10 ನಿಮಿಷ: ಮೊದಲ ಚೀಟಿಯ ಹಿಂಬದಿಯಲ್ಲಿ ಈಗ ಮತ್ತೆ ಬರೆಯಲಿ. ಇಷ್ಟವಿದ್ದವರು ಓದಲಿ.

ಕೊನೆಯ 5 ನಿಮಿಷ: ಮೌನ ಪ್ರಾರ್ಥನೆ. ಈ ವಾರ ಯಾರ ಬಳಿಗೆ ಹೋಗಬೇಕೆಂದು ಮನಸ್ಸಿನಲ್ಲಿಯೇ ಗೊತ್ತುಮಾಡಿಕೊಳ್ಳಲಿ. ಹೆಸರನ್ನು ಹೇಳಿಸಬೇಡಿ.

9. ಮನೆ ಮತ್ತು ಧರ್ಮಕೇಂದ್ರ

ಮಕ್ಕಳು ಶಾಂತಿಯನ್ನು ಕಲಿಯುವ ಮೊದಲ ಶಾಲೆ ಮನೆ. ಅದಕ್ಕೆ ಬೇಕಾದ ಅವಕಾಶಗಳನ್ನು ನಮ್ಮ ಹಿರಿಯರೇ ಇಟ್ಟುಹೋಗಿದ್ದಾರೆ. ಸೆಪ್ಟೆಂಬರ್ 8ರ ಮೊಂತಿ ಫೆಸ್ತ್‌ನಲ್ಲಿ ಆಶೀರ್ವದಿಸಿದ ಹೊಸ ತೆನೆಯನ್ನು ಮನೆಗೆ ತಂದು, ಕುಟುಂಬದ ಎಲ್ಲರೂ ಸೇರಿ ಹೊಸ ಊಟ ಮಾಡುತ್ತೇವೆ. ಪರವೂರಿನಲ್ಲಿರುವವರಿಗೂ ತೆನೆ ಕಳುಹಿಸುತ್ತೇವೆ. ಕೊಲ್ಲಿ ದೇಶಕ್ಕೆ ತಲುಪುವ ತೆನೆ ಗೋಡೆಯಾಚೆಯ ತಮ್ಮನ ಮನೆಗೆ ತಲುಪದಿದ್ದರೆ ಮಕ್ಕಳು ಅದನ್ನು ಗಮನಿಸುತ್ತಾರೆ. ವಾರ್ಷಿಕ ಹಬ್ಬಕ್ಕೆ ಮೊದಲು ಬರುವ ಭ್ರಾತೃತ್ವದ ಭಾನುವಾರ ಪರಮಪ್ರಸಾದದ ಮೆರವಣಿಗೆಯಲ್ಲಿ ನಾವೆಲ್ಲ ಸಾಲಾಗಿ ನಡೆಯುತ್ತೇವೆ. ಆ ದಿನದ ಹೆಸರಿಗೆ ತಕ್ಕಂತೆ, ಹಿಂದಿನ ವಾರವೇ ವಾರ್ಡಿನ ಗುರಿಕಾರರು ಮತ್ತು ಹಿರಿಯರು ಮಾತು ಬಿಟ್ಟ ಎರಡು ಮನೆಗಳನ್ನು ಹತ್ತಿರ ತರಲು ಪ್ರಯತ್ನಿಸಿದರೆ, ಮಕ್ಕಳಿಗೆ ಅದೇ ದೊಡ್ಡ ಧರ್ಮೋಪದೇಶ.

10. ಆ ಹುಡುಗನಿಗೆ ನಮ್ಮ ಉತ್ತರ

ಆ ಪ್ರಶ್ನೆ ಕೇಳಿದ ವಾರ ನಾವು ನಮ್ಮನ್ನೇ ಪರೀಕ್ಷಿಸಿಕೊಂಡೆವು. ನಮ್ಮ ಹಿತ್ತಿಲಿನ ಕಾಲುದಾರಿಯ ವಿಷಯಕ್ಕೆ ನೆರೆಮನೆಯವರೊಡನೆ ನಾವೂ ನಾಲ್ಕು ವರ್ಷದಿಂದ ಮಾತು ಬಿಟ್ಟಿದ್ದೆವು. ಶನಿವಾರ ಸಂಜೆ ಹೋಗಿ ಅವರ ಬಾಗಿಲು ತಟ್ಟಿದೆವು. ಅವರು ಒಳಗೆ ಕರೆಯಲಿಲ್ಲ. ಜಗಲಿಯಲ್ಲಿಯೇ ನಿಂತು, ಅಂದು ಆಡಿದ ಬಿರುಸು ಮಾತು ತಪ್ಪಾಯಿತು, ಬೇಲಿಯನ್ನು ಒಂದು ಮೊಳ ಹಿಂದಕ್ಕೆ ಹಾಕಿಸುತ್ತೇವೆ ಎಂದೆವು. “ನೋಡುವ” ಎಂದಷ್ಟೇ ಹೇಳಿದರು.

ಮರುದಿನ ತರಗತಿಯಲ್ಲಿ ಇದನ್ನು ಇದ್ದಂತೆಯೇ ಹೇಳಿದೆವು. ಆಮೇಲೆ ಹುಡುಗನಿಗೆ ಉತ್ತರ ಕೊಟ್ಟೆವು: ಬಲಿಪೂಜೆಯಲ್ಲಿ ಸಿಗುವ ಶಾಂತಿ ನಾವು ಸಂಪಾದಿಸಿದ್ದಲ್ಲ, ಕ್ರಿಸ್ತರು ಕೊಡುವಂಥದ್ದು. ಹಾಗಾಗಿ ಅದು ಲೆಕ್ಕಕ್ಕೆ ಬಂದೇ ಬರುತ್ತದೆ. ಆದರೆ ಅದು ತೀರಿಸಿದ ಲೆಕ್ಕವಲ್ಲ, ಕೈಗೆ ಕೊಟ್ಟ ಬೀಜ. ಇಗರ್ಜಿಯ ಬಾಗಿಲು ದಾಟಿದ ಮೇಲೆ ಅದನ್ನು ಬಿತ್ತುವ ಕೆಲಸ ನಮ್ಮದು. ಅಪ್ಪನಿಗಾಗಿ ಮತ್ತು ದೊಡ್ಡಪ್ಪನಿಗಾಗಿ ನೀನು ಪ್ರಾರ್ಥಿಸು. ದೊಡ್ಡಪ್ಪ ಎದುರಾದಾಗ ನೀನು ಮಾತು ನಿಲ್ಲಿಸಬೇಡ. ದೊಡ್ಡವರ ಜಗಳ ಮುಗಿಸುವ ಹೊಣೆ ನಿನ್ನದಲ್ಲ, ಅದು ನಮ್ಮಂಥ ದೊಡ್ಡವರದ್ದು.

ಹುಡುಗ ತಲೆಯಾಡಿಸಿ ಕುಳಿತ. ಬೇಲಿ ಈಗ ಹಿಂದಕ್ಕೆ ಸರಿದಿದೆ. ನೆರೆಮನೆಯವರು ದಾರಿಯಲ್ಲಿ ಸಿಕ್ಕಿದರೆ ‘ಹೊರಟದ್ದಾ?’ ಎಂದು ಕೇಳುತ್ತಾರೆ. ಅಷ್ಟಾದರೂ ಆಗಿದೆ.

ಧರ್ಮೋಪದೇಶ ಶಿಕ್ಷಕರೇ, ಪೋಷಕರೇ, ಮುಂದಿನ ಭಾನುವಾರ ಗುರುಗಳು ಶಾಂತಿಗೆ ಕರೆದಾಗ, ನಾವು ತಿರುಗದೆ ಬಿಟ್ಟ ಕಡೆಗೆ ಒಮ್ಮೆ ತಿರುಗೋಣ. ಹಿಂದಿನ ಬೆಂಚಿನಿಂದ ನಮ್ಮ ಮಕ್ಕಳು ನೋಡುತ್ತಿರುತ್ತಾರೆ.